ವಸತಿ ಕ್ಷೇತ್ರದ ಕೆಲಸಕ್ಕೆ ಆನ್‌ಲೈನ್ ಸಂದರ್ಶನ: ಪ್ಯಾನೆಲ್‌ನವರು ನೋಡುವುದೇನು?

ಪ್ರಶ್ನೆ: ನಾನು ಲಕ್ಷ್ಮೇಶ್ವರದವಳು. ಧಾರವಾಡದಲ್ಲಿ ಎಂಎಸ್‌ಡಬ್ಲ್ಯೂ ಮುಗಿಸಿ, ಎರಡು ವರ್ಷ ಮಹಿಳಾ ಸಂಘಗಳ ಒಕ್ಕೂಟವೊಂದರಲ್ಲಿ ಫೀಲ್ಡ್ ಕೆಲಸ ಮಾಡಿದ್ದೇನೆ. ಈಗ ಎರಡು ಕಡೆ ಅರ್ಜಿ ಹಾಕಿದ್ದೇನೆ. ಒಂದು, ಮನೆಸಾಲ ಕೊಡುವ ಕಂಪನಿಯ ಹುಬ್ಬಳ್ಳಿ ಶಾಖೆಯಲ್ಲಿ ಕ್ರೆಡಿಟ್ ಆಫೀಸರ್ ಹುದ್ದೆ. ಇನ್ನೊಂದು, ವಸತಿ ಯೋಜನೆಯಲ್ಲಿ ಸಮುದಾಯ ಸಂಘಟಕಿ ಹುದ್ದೆ. ಎರಡರದೂ ಸಂದರ್ಶನ ಆನ್‌ಲೈನ್. ಹೋದ ತಿಂಗಳು ಇಂಥದ್ದೇ ಒಂದು ಸಂದರ್ಶನ ಹತ್ತು ನಿಮಿಷಕ್ಕೆ ಮುಗಿದುಹೋಯಿತು. ನಡುವೆ ನೆಟ್ ಹೋಯಿತು, ಇಂಗ್ಲಿಷ್‌ನಲ್ಲಿ ತಡವರಿಸಿದೆ, ಆಮೇಲೆ ಅವರಿಂದ ಫೋನ್ ಬರಲೇ ಇಲ್ಲ. ಈ ಸಲ ಒಳ್ಳೆ ಅಭಿಪ್ರಾಯ ಮೂಡಿಸಬೇಕು. ಯಾವ ಬಟ್ಟೆ ಹಾಕಲಿ, ಹಿಂದೆ ಯಾವ ಬ್ಯಾಕ್‌ಗ್ರೌಂಡ್ ಇರಲಿ? ಮದುವೆ ಬಗ್ಗೆ ಕೇಳಿದರೆ ಏನು ಹೇಳಲಿ? ಎರಡೂ ಸಂದರ್ಶನ ಒಂದೇ ದಿನ ಬಂದರೆ ಏನು ಮಾಡಲಿ?

ಉತ್ತರ: ಬಟ್ಟೆ, ಬ್ಯಾಕ್‌ಗ್ರೌಂಡ್ ಆಮೇಲೆ ನೋಡೋಣ. ಹುಬ್ಬಳ್ಳಿಯಲ್ಲಿ ಕೂತು ಇಂಥ ಸಂದರ್ಶನಗಳ ಪ್ಯಾನೆಲ್‌ನಲ್ಲಿ ನಾನೂ ಇರುತ್ತೇನೆ. ಅಲ್ಲಿ ಕೂತವರ ತಲೆಯಲ್ಲಿ ಓಡುವುದು ಒಂದೇ ಲೆಕ್ಕ. ಈ ಹುಡುಗಿಯನ್ನು ನಾಳೆ ಬೆಳಿಗ್ಗೆ ಹಳೇ ಹುಬ್ಬಳ್ಳಿಯ ಯಾವುದೋ ಓಣಿಗೆ ಕಳಿಸಿದರೆ, ಆ ಮನೆಯವರು ಟ್ರಂಕ್ ತೆಗೆದು ಕಾಗದಪತ್ರ ತೋರಿಸುತ್ತಾರಾ? ತಮ್ಮ ಕೈಸಾಲದ ವಿಷಯ ಬಾಯಿಬಿಟ್ಟು ಹೇಳುತ್ತಾರಾ? ಇವಳು ಹೇಳಿದ ನಿಯಮ ಅವರಿಗೆ ತಿಳಿಯುತ್ತದಾ? ಮನೆಸಾಲವಿರಲಿ, ಸರ್ಕಾರದ ವಸತಿ ಯೋಜನೆಯಿರಲಿ, ಕೆಲಸ ನಿಂತಿರುವುದು ಇದರ ಮೇಲೆ. ಎದುರಾ ಎದುರು ಕೂತಾಗ ನಡೆ ನುಡಿ ನೋಡಿಯೇ ಇದು ಅರ್ಧ ಗೊತ್ತಾಗುತ್ತದೆ. ಪರದೆ ಮೇಲೆ ಕಾಣುವುದು ಅಂಗೈಯಷ್ಟು ಮುಖ ಮಾತ್ರ. ಹಾಗಾಗಿ ಉಳಿದದ್ದನ್ನೆಲ್ಲ ನಿಮ್ಮ ಮಾತೇ ತೋರಿಸಬೇಕು.

ಇಲ್ಲಿ ನಿಮಗೊಂದು ಅನುಕೂಲ ಇದೆ, ನಿಮಗೇ ಅದು ಕಂಡಿಲ್ಲ ಅನಿಸುತ್ತದೆ. ಎರಡು ವರ್ಷ ಸಂಘದ ಪುಸ್ತಕ ನೋಡಿದ್ದೀರಿ. ಯಾರು ವಾರದ ಕಂತು ತಪ್ಪಿಸುತ್ತಾರೆ, ಯಾಕೆ ತಪ್ಪಿಸುತ್ತಾರೆ ಅನ್ನೋದು ನಿಮಗೆ ಗೊತ್ತು. ಎಷ್ಟೋ ಮನೆಗಳ ಅಡುಗೆಮನೆ ಕಟ್ಟೆ ಮೇಲೆ ಕೂತು ಮಾತಾಡಿದ್ದೀರಿ. ಆದರೆ ನೀವು ಕಳಿಸಿದ ಬಯೋಡೇಟಾದಲ್ಲಿ ಇದೆಲ್ಲ ‘ಸಮುದಾಯ ಸಂಘಟನೆ, ಜಾಗೃತಿ ಕಾರ್ಯಕ್ರಮ’ ಅನ್ನೋ ಎರಡೇ ಮಾತಿನಲ್ಲಿ ಮುಗಿದುಹೋಗಿದೆ. ಸಂದರ್ಶನದಲ್ಲೂ ಹೀಗೇ ಹೇಳಿದ್ದರೆ, ಅವರಿಗೆ ನಿಮ್ಮ ಕೆಲಸ ಕಂಡೇ ಇರಲಿಕ್ಕಿಲ್ಲ.

‘ನಿಮ್ಮ ಬಗ್ಗೆ ಹೇಳಿ’ ಎಂಬ ಮೊದಲ ಪ್ರಶ್ನೆ ಬಂದೇ ಬರುತ್ತದೆ. ಬಹಳ ಮಂದಿ ಹುಟ್ಟಿದ ಊರಿಂದ ಶುರು ಮಾಡಿ, ಎಸ್ಸೆಸ್ಸೆಲ್ಸಿ ಶೇಕಡಾವಾರು, ತಂದೆಯ ಉದ್ಯೋಗ, ಹವ್ಯಾಸ ಅಂತ ಪಟ್ಟಿ ಓದುತ್ತಾರೆ. ಅಷ್ಟರಲ್ಲಿ ಪ್ಯಾನೆಲ್‌ನವರ ಕಣ್ಣು ಬೇರೆ ವಿಂಡೋಗೆ ಹೋಗಿರುತ್ತದೆ. ಒಂದು ನಿಮಿಷದೊಳಗೆ ಹೀಗೆ ಹೇಳಿ ನೋಡಿ: ‘ನಾನು ಲಕ್ಷ್ಮೇಶ್ವರ, ಶಿರಹಟ್ಟಿ ಕಡೆಯ ಹಳ್ಳಿಗಳ ಮಹಿಳಾ ಸಂಘಗಳ ಜೊತೆ ಎರಡು ವರ್ಷ ಕೆಲಸ ಮಾಡಿದ್ದೇನೆ. ಸಾಲದ ಅರ್ಜಿ ಬಂದಾಗ ಮನೆಗೆ ಹೋಗಿ, ಆದಾಯ ವಿಚಾರಿಸಿ, ವರದಿ ಬರೆಯುವುದು ನನ್ನ ಕೆಲಸ. ಸಾಲ ಕೇಳಿದವರಲ್ಲಿ ಬಹಳ ಜನ ಮನೆ ರಿಪೇರಿಗೇ ಕೇಳುತ್ತಿದ್ದರು. ಮೇಲ್ಛಾವಣಿ, ಶೌಚಾಲಯ, ಒಂದು ಹೆಚ್ಚಿನ ಕೋಣೆ. ಅದನ್ನು ನೋಡಿ ನೋಡಿಯೇ ವಸತಿ ಕೆಲಸಕ್ಕೆ ಬರಬೇಕು ಅನಿಸಿತು.’ ಇದರಲ್ಲಿ ನಿಮ್ಮದಲ್ಲದ ಮಾತು ಇದ್ದರೆ ತೆಗೆದುಹಾಕಿ, ನಿಮ್ಮದೇ ಹಾಕಿ. ಕೊನೆಯ ವಾಕ್ಯ ಮಾತ್ರ ನಿಜವಾಗಿರಲೇಬೇಕು. ಮುಂದಿನ ಪ್ರಶ್ನೆ ಅಲ್ಲಿಂದಲೇ ಬರುತ್ತದೆ.

ಅದಕ್ಕೆ ಸಂದರ್ಶನಕ್ಕೆ ಮೊದಲು ನೀವು ನೋಡಿದ ಎರಡು ಮೂರು ಮನೆಗಳನ್ನು ನೆನಪಿಗೆ ತಂದುಕೊಳ್ಳಿ. ಹೆಸರು ಬೇಡ, ಅದು ಅವರ ಖಾಸಗಿ ವಿಷಯ. ಮನೆಯಲ್ಲಿ ಎಷ್ಟು ಜನ, ಏನು ದುಡಿಮೆ, ಏನು ತೊಡಕು, ನೀವು ಏನು ಮಾಡಿದಿರಿ, ಕೊನೆಗೆ ಏನಾಯಿತು. ಕೆಲಸ ಆಗದೇ ಹೋದ ಒಂದು ಮನೆಯೂ ಅದರಲ್ಲಿ ಇರಲಿ. ಎಲ್ಲ ಕಥೆಯೂ ಗೆಲುವಿನದ್ದೇ ಆದರೆ ನಮಗೆ ಅನುಮಾನ ಬರುತ್ತದೆ.

ಈಗ ಕ್ರೆಡಿಟ್ ಆಫೀಸರ್ ಹುದ್ದೆ. ಇದಕ್ಕೆ ಬರುವ ದೊಡ್ಡ ಪ್ರಶ್ನೆ: ‘ಸಂಬಳದ ಚೀಟಿ ಇಲ್ಲ, ಐಟಿ ರಿಟರ್ನ್ ಇಲ್ಲ. ಇಂಥವರ ಆದಾಯ ಹೇಗೆ ಅಂದಾಜು ಮಾಡ್ತೀರಿ?’ ನಮ್ಮ ಕಡೆ ಮನೆಸಾಲ ಕೇಳಿ ಬರುವ ಎಷ್ಟೋ ಜನ ಇಂಥವರೇ. ಮಿರ್ಚಿ ಗಾಡಿ, ಕಿರಾಣಿ ಅಂಗಡಿ, ಹಿಟ್ಟಿನ ಗಿರಣಿ, ಹೊಲಿಗೆ, ಗೌಂಡಿ ಕೆಲಸ. ‘ಬ್ಯಾಂಕ್ ಸ್ಟೇಟ್‌ಮೆಂಟ್ ನೋಡ್ತೀನಿ ಸರ್’ ಅಂದು ಸುಮ್ಮನಾದರೆ ಕಡಿಮೆ ಅಂಕ. ಲೆಕ್ಕ ಮಾಡಿ ತೋರಿಸಿದರೆ ಪ್ಯಾನೆಲ್ ನೆಟ್ಟಗೆ ಕೂರುತ್ತದೆ.

ಒಂದು ಲೆಕ್ಕ ಮಾಡೋಣ. ಧಾರವಾಡದಲ್ಲಿ ಒಬ್ಬಾಕೆ ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಖಾನಾವಳಿಗೆ ಕೊಡುತ್ತಾಳೆ ಅಂದುಕೊಳ್ಳಿ. ದಿನಕ್ಕೆ 200 ರೊಟ್ಟಿ, ಒಂದಕ್ಕೆ 8 ರೂಪಾಯಿ. ದಿನಕ್ಕೆ 1,600 ರೂಪಾಯಿ ಬರುತ್ತದೆ. ತಿಂಗಳಿಗೆ 25 ದಿನ ಹಿಡಿದರೆ 40,000. ಇದನ್ನೇ ಆದಾಯ ಅಂತ ಬರೆಯುವವರಿದ್ದಾರೆ! ಖರ್ಚು ಕಳೆಯಬೇಕಲ್ವಾ? ಹಿಟ್ಟಿಗೆ ದಿನಕ್ಕೆ 800 ಹೋಯಿತು. ಗ್ಯಾಸು, ಕಟ್ಟಿಗೆ, ಕೈಗೆ ನೆರವಾಗುವ ಇನ್ನೊಬ್ಬಾಕೆಯ ಕೂಲಿ ಸೇರಿ 350. ಉಳಿಯುವುದು 450. ತಿಂಗಳಿಗೆ 11,250. ಎಲ್ಲ ಕಂತು ಸೇರಿ ಆದಾಯದ ಅರ್ಧ ದಾಟಬಾರದು ಅಂತ ಇಟ್ಟುಕೊಂಡರೆ 5,625 ರೂಪಾಯಿ. ಈಗಾಗಲೇ ಸಂಘದ ಸಾಲದ ಕಂತು 1,800 ಇದೆ. ಉಳಿದದ್ದು 3,825. ಶೇ 12ರ ಬಡ್ಡಿ, 15 ವರ್ಷದ ಅವಧಿ ಅಂದರೆ ಲಕ್ಷಕ್ಕೆ ತಿಂಗಳ ಕಂತು ಸುಮಾರು 1,200. ಅಂದರೆ ಆಕೆ ಮೂರು ಲಕ್ಷದ ಆಸುಪಾಸು ಸಾಲ ಹೊರಬಹುದು. ಆಕೆ ಎಂಟು ಲಕ್ಷ ಕೇಳುತ್ತಿದ್ದರೆ, ಮನೆಯಲ್ಲಿ ಬೇರೆ ಯಾರ ದುಡಿಮೆ ಸೇರಿಸಬಹುದು ಎಂದು ನೋಡಬೇಕು.

ಅಂಕಿ ಊರಿಂದ ಊರಿಗೆ ಬದಲಾಗುತ್ತದೆ. ಪ್ಯಾನೆಲ್ ನೋಡುವುದು ಅಂಕಿಯನ್ನಲ್ಲ, ನೀವು ಎಲ್ಲಿ ಕೈ ಹಾಕುತ್ತೀರಿ ಅನ್ನೋದನ್ನು. ಮನೆಯಲ್ಲಿ ಹಿಟ್ಟಿನ ಚೀಲ ಎಷ್ಟಿವೆ? ಸಿಲಿಂಡರ್ ಎಷ್ಟು ದಿನಕ್ಕೆ ಮುಗಿಯುತ್ತದೆ? ಖಾನಾವಳಿಯವರು ದುಡ್ಡು ದಿನಾ ಕೊಡ್ತಾರಾ, ವಾರಕ್ಕೊಮ್ಮೆಯಾ? ಕಾಲೇಜಿಗೆ ರಜೆ ಬಿಟ್ಟಾಗ ಆರ್ಡರ್ ಕಡಿಮೆ ಆಗುತ್ತದಾ? ಧಾರವಾಡದ ಖಾನಾವಳಿ ಅಂದಮೇಲೆ ಈ ಕೊನೆಯ ಪ್ರಶ್ನೆ ಕೇಳಲೇಬೇಕು. ಹೊರಗಿನಿಂದ ಬಂದ ಅಭ್ಯರ್ಥಿಗೆ ಅದು ಹೊಳೆಯುವುದಿಲ್ಲ, ನಿಮಗೆ ಹೊಳೆಯುತ್ತದೆ. ಹಾಳೆ ಪೆನ್ನು ಪಕ್ಕದಲ್ಲಿರಲಿ. ‘ಒಂದು ನಿಮಿಷ ಸರ್, ಬರೆದು ಹೇಳ್ತೀನಿ’ ಎಂದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಎರಡನೇ ದೊಡ್ಡ ವಿಷಯ ಕಾಗದಪತ್ರ. ‘ಮನೆ ಉತಾರ (ಆಸ್ತಿಯ ದಾಖಲೆ ಪತ್ರ) ಇನ್ನೂ ಅಜ್ಜನ ಹೆಸರಲ್ಲೇ ಇದೆ, ಅಜ್ಜ ತೀರಿಕೊಂಡು ಬಹಳ ವರ್ಷ ಆಗಿದೆ. ಮೊಮ್ಮಗ ಸಾಲ ಕೇಳ್ತಿದ್ದಾನೆ. ಏನು ಮಾಡ್ತೀರಿ?’ ಈ ಪ್ರಶ್ನೆಯನ್ನು ನಾನೇ ಕೇಳುತ್ತೇನೆ. ‘ಆಗಲ್ಲ’ ಅಂದರೆ ನೀವು ಗ್ರಾಹಕನನ್ನು ಕಳೆದುಕೊಂಡಿರಿ. ‘ಆಗುತ್ತೆ’ ಅಂದರೆ ಕಂಪನಿ ದುಡ್ಡು ಕಳೆದುಕೊಂಡಿತು. ಸರಿ ಉತ್ತರ ನಡುವಿನದು. ಮರಣ ಪ್ರಮಾಣಪತ್ರ ಇದೆಯಾ, ವಂಶಾವಳಿ ಮಾಡಿಸಿದ್ದಾರಾ, ಒಟ್ಟು ವಾರಸುದಾರರು ಎಷ್ಟು ಜನ, ಹೆಣ್ಣುಮಕ್ಕಳನ್ನೂ ಲೆಕ್ಕಕ್ಕೆ ಹಿಡಿದಿದ್ದಾರಾ, ವಾಟ್ನಿ, ಅಂದರೆ ಆಸ್ತಿ ಪಾಲು, ಆಗಿದೆಯಾ, ಆಗಿದ್ದರೆ ನೋಂದಣಿ ಆಗಿದೆಯಾ. ಇಷ್ಟು ಕೇಳಿ, ಹೆಸರು ಬದಲಾದ ಮೇಲೆ ಫೈಲ್ ಮುಂದುವರಿಸುತ್ತೇನೆ ಅನ್ನಿ. ಅತ್ತೆ, ಸೊಸೆಯಂದಿರ ಮೇಲೆ ಗಮನ ಇಟ್ಟು ಮದುವೆಯಾಗಿ ಹೋದ ಅಕ್ಕತಂಗಿಯರನ್ನು ಮರೆಯುವವರೇ ಜಾಸ್ತಿ. 2005ರ ತಿದ್ದುಪಡಿಯ ಮೇಲೆ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ಆಕೆಯ ಸಹಿ ಇಲ್ಲದ ಫೈಲು ಮುಂದೆ ಕೋರ್ಟ್ ಮೆಟ್ಟಿಲು ಹತ್ತುತ್ತದೆ.

ಗ್ರಾಮ ಪಂಚಾಯ್ತಿ ವ್ಯಾಪ್ತಿಯ ಆಸ್ತಿಗೆ ಇ-ಸ್ವತ್ತಿನ (ಪಂಚಾಯ್ತಿ ಆಸ್ತಿಗಳ ಆನ್‌ಲೈನ್ ದಾಖಲೆಯ) ನಮೂನೆ 9 ಮತ್ತು 11, ಋಣಭಾರ ಪತ್ರ ಅಂದರೆ ಇಸಿ, ಖರೀದಿ ಪತ್ರ, ಹೊಲದಲ್ಲಿ ಕಟ್ಟಿದ್ದರೆ ಎನ್‌ಎ ಅಂದರೆ ಕೃಷಿಯೇತರ ಬಳಕೆಯ ಆದೇಶ. ಇವು ಏನೇನು ಹೇಳುತ್ತವೆ, ಏನು ಹೇಳುವುದಿಲ್ಲ ಎಂದು ಒಂದೊಂದು ವಾಕ್ಯದಲ್ಲಿ ಹೇಳಲು ಬರಬೇಕು. ನಿಮ್ಮ ಮನೆಯದ್ದೇ ಉತಾರ, ಇಸಿ ತೆಗೆದು ಮುಂದಿಟ್ಟುಕೊಂಡು ಒಂದು ಸಂಜೆ ಓದಿ. ಅದಕ್ಕಿಂತ ಒಳ್ಳೆ ತಯಾರಿ ಇಲ್ಲ.

ವಸೂಲಿ ಬಗ್ಗೆ ಕೇಳದೆ ಬಿಡುವುದಿಲ್ಲ. 2025ರ ಆರಂಭದಲ್ಲಿ ಮೈಕ್ರೋಫೈನಾನ್ಸ್ ಕಿರುಕುಳದ ದೂರುಗಳು ರಾಜ್ಯದಲ್ಲೆಲ್ಲ ಎದ್ದವು, ಹಾವೇರಿ ಜಿಲ್ಲೆಯ ಮಹಿಳೆಯರ ದನಿ ಅದರಲ್ಲಿ ಜೋರಾಗಿತ್ತು. ಬಲವಂತದ ವಸೂಲಿ ತಡೆಯಲು ಸರ್ಕಾರ ಸುಗ್ರೀವಾಜ್ಞೆಯನ್ನೇ ತಂದಿತು. ಹಾಗಾಗಿ ‘ಕಂತು ಕಟ್ಟದಿದ್ದರೆ ಏನು ಮಾಡ್ತೀರಿ’ ಎಂಬ ಪ್ರಶ್ನೆಗೆ ‘ಹೇಗಾದರೂ ಮಾಡಿ ವಸೂಲು ಮಾಡ್ತೀನಿ ಸರ್’ ಎಂಬ ಹುರುಪು ಬೇಡ. ಅಂಥ ಉತ್ತರಕ್ಕೆ ಖುಷಿಪಡುವ ಕಡೆ ನೀವು ಕೆಲಸಕ್ಕೆ ಸೇರದಿರುವುದೇ ಒಳ್ಳೆಯದು. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ವಸೂಲಿ ಏಜೆಂಟರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ಮೇಲೆ ಫೋನ್ ಮಾಡುವಂತಿಲ್ಲ. ಕಂತು 90 ದಿನ ಮೀರಿ ಬಾಕಿ ಉಳಿದರೆ ಸಾಲ ಎನ್‌ಪಿಎ, ಅಂದರೆ ಸುಸ್ತಿ ಸಾಲ, ಆಗುತ್ತದೆ. ಆಮೇಲೆ ಅಡವಿಟ್ಟ ಆಸ್ತಿ ವಶಕ್ಕೆ ಪಡೆಯುವ ಸರ್ಫೇಸಿ ಕಾಯ್ದೆಯಡಿ ಮನೆಗೆ ಕೈ ಹಾಕಬೇಕೆಂದರೂ 60 ದಿನದ ನೋಟಿಸ್ ಮೊದಲು ಕೊಡಬೇಕು. ಇಷ್ಟು ಗೊತ್ತಿದೆ ಅಂತ ತೋರಿಸಿ, ನಂತರ ನಿಮ್ಮ ಅನುಭವ ಹೇಳಿ: ಮೊದಲ ಕಂತು ತಪ್ಪಿದಾಗಲೇ ಮನೆಗೆ ಹೋಗುತ್ತೇನೆ, ಕಾಯಿಲೆಯೋ, ಕೆಲಸ ಹೋಗಿದೆಯೋ, ಬೇರೆ ಸಾಲ ತೆಗೆದರೋ ಎಂದು ತಿಳಿದು ಶಾಖೆಗೆ ಬರೆದು ಕೊಡುತ್ತೇನೆ ಅಂತ. ಸಂಘದ ಕೆಲಸ ಮಾಡಿದವರಿಗೆ ಇದು ಹೊಸದೇನಲ್ಲ.

ಸಬ್ಸಿಡಿ ಪ್ರಶ್ನೆ ಎರಡೂ ಕಡೆ ಬರುತ್ತದೆ. ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ ಭಾಗ 2015ರ ಜೂನ್‌ನಲ್ಲಿ ಶುರುವಾಯಿತು. ಅದರ ಎರಡನೇ ಹಂತ 2024ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ. ಹಳೆಯ ಅಂಕಿ ಹೇಳಿಬಿಡಬೇಡಿ, ಇಲ್ಲಿ ಜಾರುವವರು ಬಹಳ. ಹೊಸ ಹಂತದಲ್ಲಿ ವರ್ಷಕ್ಕೆ 9 ಲಕ್ಷದವರೆಗೆ ಆದಾಯ ಇರುವ, ದೇಶದ ಯಾವ ಕಡೆಯೂ ಪಕ್ಕಾ ಮನೆ ಇಲ್ಲದ ಕುಟುಂಬಗಳು ಬರುತ್ತವೆ. ಬಡ್ಡಿ ಸಬ್ಸಿಡಿ ಬೇಕೆಂದರೆ ಮನೆ ಬೆಲೆ 35 ಲಕ್ಷ, ಸಾಲ 25 ಲಕ್ಷ ದಾಟಬಾರದು. ಮೊದಲ 8 ಲಕ್ಷಕ್ಕೆ ಶೇ 4ರಷ್ಟು, ಒಟ್ಟು ಹೆಚ್ಚೆಂದರೆ 1.80 ಲಕ್ಷ ರೂಪಾಯಿ, ಐದು ವಾರ್ಷಿಕ ಕಂತಿನಲ್ಲಿ. ಸ್ವಂತ ಜಾಗದಲ್ಲಿ ಕಟ್ಟಿಕೊಳ್ಳುವ ಬಡ ಕುಟುಂಬಕ್ಕೆ ಕೇಂದ್ರ, ರಾಜ್ಯ ಸೇರಿ ಎರಡೂವರೆ ಲಕ್ಷದ ನೆರವು. ಇಷ್ಟನ್ನು ಉರುಹೊಡೆಯುವ ಬದಲು ನಿಮ್ಮ ತಾಯಿಗೆ ಒಂದು ಸಲ ವಿವರಿಸಿ. ಅವರು ‘ಅಂದರ ನಮಗ ಬರ್ತದೋ ಇಲ್ಲೋ?’ ಅಂತ ಕೇಳಿದರೆ ಇನ್ನೂ ತಯಾರಿ ಬೇಕು.

ಸಮುದಾಯ ಸಂಘಟಕಿ ಹುದ್ದೆಗೆ ಈ ಅಂಕಿಗಳಿಗಿಂತ ಜಗಳ ಬಿಡಿಸುವ ಕಲೆ ಮುಖ್ಯ. ಪ್ಯಾನೆಲ್‌ನವರೇ ಫಲಾನುಭವಿಯಾಗಿ ನಟಿಸಿ ನಿಮ್ಮ ಮೇಲೆ ರೇಗಬಹುದು. ‘ಪಕ್ಕದ ಮನೆಗೆ ಬಿಲ್ಲು (ಕಂತಿನ ಹಣ) ಬಂತು, ನಮಗ್ಯಾಕೆ ಬಂದಿಲ್ಲ?’ 2019ರ ಆಗಸ್ಟ್ ಪ್ರವಾಹದ ನಂತರ ನರಗುಂದದ ಕೊಣ್ಣೂರು ಕಡೆ ಕೆಲಸ ಮಾಡಿದ ಯಾರನ್ನಾದರೂ ಕೇಳಿ, ಈ ಮಾತಿನ ತೂಕ ಗೊತ್ತಾಗುತ್ತದೆ. ಹಾನಿಯಾದ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದ್ದರು. ಪೂರ್ತಿ ಬಿದ್ದದ್ದಕ್ಕೆ 5 ಲಕ್ಷ. ಗೋಡೆಗೆ ಗೋಡೆ ಹತ್ತಿದ ಎರಡು ಮನೆ, ಒಂದಕ್ಕೆ ಎ, ಇನ್ನೊಂದಕ್ಕೆ ಸಿ ಬಂದರೆ ಯಾರು ಸುಮ್ಮನಿರುತ್ತಾರೆ? ಅಂಥ ಮನೆ ಮುಂದೆ ನಿಂತು ‘ಅದು ನನ್ನ ಕೈಯಲ್ಲಿಲ್ಲ’ ಅಂದರೆ ಮಾತು ಮುಗಿಯಿತು. ಯಾರು ಸರ್ವೆ ಮಾಡಿದರು, ಯಾವ ದಾಖಲೆ ಮೇಲೆ ವರ್ಗ ಬಂತು, ಆಕ್ಷೇಪಣೆ ಎಲ್ಲಿ ಕೊಡಬೇಕು, ಅದರ ಸ್ವೀಕೃತಿ ಚೀಟಿ ಹೇಗೆ ಇಟ್ಟುಕೊಳ್ಳಬೇಕು. ಇದನ್ನು ಶಾಂತವಾಗಿ ಹೇಳುವವರು ನಮಗೆ ಬೇಕು.

ಇಂಥ ನಟನೆಯ ಪ್ರಶ್ನೆಗೆ ಪುಸ್ತಕದ ಕನ್ನಡ ಬಳಸಬೇಡಿ. ಫೀಲ್ಡಿನಲ್ಲಿ ಮಾತಾಡುವಂತೆಯೇ ಮಾತಾಡಿ. ‘ಅಕ್ಕಾರ, ನಿಮ್ಮ ಅರ್ಜಿ ರದ್ದಾಗಿಲ್ರಿ. ತಳಪಾಯದ ಫೋಟೋ ಅಪ್ಲೋಡ್ ಆಗಿಲ್ಲ ನೋಡ್ರಿ, ಅದಕ್ಕ ಬಿಲ್ ನಿಂತೈತಿ. ಇವತ್ತ ನಿಂತು ತೆಗಿಸ್ತೀನ್ರಿ.’ ಇಷ್ಟರಲ್ಲೇ ಮೂರು ಸಂಗತಿ ಗೊತ್ತಾಗುತ್ತದೆ. ಹಣ ಹಂತ ಹಂತವಾಗಿ ಬರುತ್ತದೆ, ಪ್ರತಿ ಹಂತಕ್ಕೂ ಸ್ಥಳದ ಗುರುತಿರುವ ಫೋಟೋ ಬೇಕು ಎಂಬುದು ನಿಮಗೆ ಗೊತ್ತು. ಸಮಸ್ಯೆ ಎಲ್ಲಿದೆ ಎಂದು ಹುಡುಕಿದ್ದೀರಿ. ಮತ್ತೆ, ಆ ಹೆಣ್ಣುಮಗಳಿಗೆ ಬೈಸಿಕೊಂಡ ಭಾವ ಬಂದಿಲ್ಲ.

ಗುಂಪು ಮನೆಗಳ ಯೋಜನೆ ಆದರೆ ಇನ್ನೊಂದು ಪ್ರಶ್ನೆ ಇಟ್ಟೇ ಇಡುತ್ತಾರೆ. ಮನೆ ಸಿದ್ಧವಾಗಿದೆ, ಜನ ಹೋಗುತ್ತಿಲ್ಲ, ಯಾಕೆ? ಜನ ಸೋಮಾರಿಗಳು ಅಂತ ಮಾತ್ರ ಹೇಳಬೇಡಿ. ಮನೆ ಮುಂದೆ ಕಟ್ಟುವ ಆಡು, ತಳ್ಳುಗಾಡಿ, ಬಟ್ಟೆ ಒಗೆಯುವ ಕಲ್ಲು, ಕೆಲಸದ ಜಾಗಕ್ಕೆ ಇರುವ ದೂರ, ಮಕ್ಕಳ ಶಾಲೆ, ಫಲಾನುಭವಿ ವಂತಿಗೆಯ ಬಾಕಿ. ಎರಡನೇ ಮಹಡಿಯಲ್ಲಿ ತಳ್ಳುಗಾಡಿ ಎಲ್ಲಿ ಇಡುವುದು? ಈ ಒಂದು ಪ್ರಶ್ನೆಯನ್ನು ನೀವಾಗಿಯೇ ಎತ್ತಿದರೆ ಸಾಕು, ಯೋಜನೆ ಅಧಿಕಾರಿಗಳು ತಲೆ ಎತ್ತಿ ನೋಡುತ್ತಾರೆ.

ಇಂಗ್ಲಿಷ್ ಬಗ್ಗೆ. ನಿಮ್ಮ ಭಯ ನನಗೆ ಅರ್ಥವಾಗುತ್ತದೆ, ಆದರೆ ಅದು ಬೇಕಾದ್ದಕ್ಕಿಂತ ದೊಡ್ಡದಾಗಿದೆ. ಪ್ಯಾನೆಲ್‌ನಲ್ಲಿ ಬೆಂಗಳೂರಿನವರು, ಮುಂಬೈಯವರು ಇರಬಹುದು. ಮೊದಲ ನಾಲ್ಕು ವಾಕ್ಯ ಇಂಗ್ಲಿಷ್‌ನಲ್ಲಿ ಚೆನ್ನಾಗಿ ಅಭ್ಯಾಸ ಮಾಡಿ. ಕೆಲಸದ ಪದಗಳು, ಅಂದರೆ ಇಎಂಐ, ಟೈಟಲ್, ವ್ಯಾಲ್ಯುಯೇಷನ್, ಡಿಸ್ಬರ್ಸ್‌ಮೆಂಟ್ ಥರದ್ದು, ನಾಲಿಗೆ ಮೇಲೆ ಸಲೀಸಾಗಿ ಬರಲಿ. ಉದ್ದದ ಉತ್ತರ ಬಂದಾಗ ಕೇಳಿಬಿಡಿ: ‘ಸರ್, ಫೀಲ್ಡ್‌ನಲ್ಲಿ ನಾನು ಇದನ್ನ ಕನ್ನಡದಲ್ಲೇ ಮಾತಾಡೋದು. ಕನ್ನಡದಲ್ಲಿ ಹೇಳಿ, ಕೊನೆಗೆ ಎರಡು ಮಾತು ಇಂಗ್ಲಿಷ್‌ನಲ್ಲಿ ಹೇಳಲಾ?’ ಹುಬ್ಬಳ್ಳಿ ಶಾಖೆಗೆ ಜನ ಹುಡುಕುತ್ತಿರುವವರು ಇದಕ್ಕೆ ಬೇಡ ಅನ್ನುವುದು ಅಪರೂಪ. ಹಿಂದಿ, ಉರ್ದು, ಮರಾಠಿ ಸ್ವಲ್ಪ ಬಂದರೂ ಹೇಳಿಕೊಳ್ಳಿ. ಹಳೇ ಹುಬ್ಬಳ್ಳಿಯಲ್ಲಿ ಅದು ನಿಜವಾಗಿ ಉಪಯೋಗಕ್ಕೆ ಬರುತ್ತದೆ.

ಇಂಗ್ಲಿಷ್ ಉತ್ತರಗಳನ್ನು ಬರೆದು ಪರದೆ ಮೇಲೆ ಇಟ್ಟು ಓದುವವರಿದ್ದಾರೆ. ಈಗೀಗ ಪ್ರಶ್ನೆ ಕೇಳಿದ ಕೂಡಲೇ ಎಐ ಕಡೆಯಿಂದ ಉತ್ತರ ತರಿಸಿ ಓದುವವರೂ ಶುರುವಾಗಿದ್ದಾರೆ. ಕಣ್ಣು ಎಡದಿಂದ ಬಲಕ್ಕೆ ಹೋಗಿ ಮತ್ತೆ ಎಡಕ್ಕೆ ಬರುವುದು ಈಚೆ ಕೂತವರಿಗೆ ಸ್ಪಷ್ಟ ಕಾಣುತ್ತದೆ. ತಕ್ಷಣ ‘ನಿಮ್ಮ ಓಣಿಯಲ್ಲೇ ಒಂದು ಮನೆ ಹೇಳಿ’ ಎಂದು ಕೇಳಿದರೆ ಮಾತು ನಿಂತುಹೋಗುತ್ತದೆ. ಆ ದಾರಿ ಬೇಡ.

ಇನ್ನು ನೆಟ್ಟು, ಕರೆಂಟು. ಫೋನಿನಲ್ಲೇ ಸೇರುವುದಾದರೆ ದೊಡ್ಡ ಶತ್ರು ಒಳಬರುವ ಕರೆ. ನಿಮ್ಮ ಅತ್ತೆಯೋ ಕೊರಿಯರ್‌ನವನೋ ಅದೇ ಹೊತ್ತಿಗೆ ಫೋನ್ ಮಾಡುತ್ತಾರೆ, ಮೈಕ್ ಅಲ್ಲಿಗೇ ಹೋಗುತ್ತದೆ. ಒಂದು ಉಪಾಯ ಹೇಳುತ್ತೇನೆ. ಮನೆಯವರ ಇನ್ನೊಂದು ಫೋನಿನಿಂದ ಹಾಟ್‌ಸ್ಪಾಟ್ ಹಾಕಿಸಿ. ನಿಮ್ಮ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ವೈಫೈ ಮಾತ್ರ ಆನ್ ಮಾಡಿ. ಕರೆ ಬರುವ ಮಾತೇ ಇಲ್ಲ. ಸಂಪರ್ಕ ಕಡಿದರೆ ಕರೆಯಲು ಇನ್ನೊಂದು ನಂಬರನ್ನು ಹಿಂದಿನ ದಿನವೇ ಎಚ್‌ಆರ್‌ಗೆ ಮೆಸೇಜ್ ಮಾಡಿ. ಹಾಟ್‌ಸ್ಪಾಟ್ ಕೊಡುವ ಸಿಮ್ ನಿಮ್ಮ ಓಣಿಯಲ್ಲಿ ಚೆನ್ನಾಗಿ ಸಿಗ್ನಲ್ ಇರುವ ಕಂಪನಿಯದಾಗಿರಲಿ. ಎರಡೂ ಫೋನ್ ಚಾರ್ಜ್ ಆಗಿರಲಿ, ಹೆಸ್ಕಾಂ ಮೇಲೆ ಭಾರ ಹಾಕಬೇಡಿ.

ಅಣ್ಣನ ಅಕೌಂಟಿನಿಂದ ಸೇರುವುದಾದರೆ ಅಲ್ಲಿ ಕಾಣುವ ಹೆಸರು ನೋಡಿಕೊಳ್ಳಿ. ಪರದೆ ಮೇಲೆ ‘ರಾಯಲ್ ಬಾಸ್’ ಎಂಬ ಹೆಸರು ಬಂದು, ಅದರ ಕೆಳಗೆ ಒಬ್ಬ ಸಂಕೋಚದ ಹುಡುಗಿ ಕೂತಿದ್ದನ್ನು ನೋಡಿದ್ದೇನೆ. ಆಕೆ ಚೆನ್ನಾಗಿಯೇ ಉತ್ತರಿಸಿದಳು, ಪಾಪ, ಆದರೆ ಮೊದಲ ಐದು ನಿಮಿಷ ಎಲ್ಲರೂ ನಗು ತಡೆಯುವುದರಲ್ಲೇ ಇದ್ದರು.

ಮಾತಿನ ನಡುವೆ ನೆಟ್ ಹೋದರೆ ಮತ್ತೆ ಸೇರಿ, ಒಂದೇ ಸಲ ಕ್ಷಮೆ ಕೇಳಿ, ‘ಅಜ್ಜನ ಹೆಸರಿನ ಉತಾರದ ತನಕ ಹೇಳಿದ್ದೆ, ಅಲ್ಲಿಂದ ಮುಂದುವರಿಸಲಾ?’ ಅನ್ನಿ. ಎಲ್ಲಿ ನಿಂತಿತ್ತು ಎಂಬುದು ನಿಮಗೆ ನೆನಪಿದ್ದರೆ ಅದೇ ಒಳ್ಳೆ ಅಭಿಪ್ರಾಯ. ಪ್ರಶ್ನೆ ಮುಗಿದ ಮೇಲೆ ಒಂದು ಕ್ಷಣ ಬಿಟ್ಟು ಮಾತಾಡಿ. ದನಿ ತಡವಾಗಿ ತಲುಪುತ್ತದೆ, ಇಲ್ಲದಿದ್ದರೆ ಇಬ್ಬರೂ ಒಟ್ಟಿಗೆ ಮಾತಾಡಿ ಇಬ್ಬರೂ ನಿಲ್ಲಿಸುವ ಆಟ ಶುರುವಾಗುತ್ತದೆ.

ಬಟ್ಟೆಗೆ ಬರೋಣ. ಫೀಲ್ಡಿಗೆ ಹಾಕಿಕೊಂಡು ಹೋಗುವ ಒಳ್ಳೆ ಚೂಡಿದಾರ ಸಾಕು. ಸೀರೆ ಅಭ್ಯಾಸ ಇದ್ದರೆ ಸೀರೆ. ಬ್ಯಾಕ್‌ಗ್ರೌಂಡ್‌ಗೆ ಬರಿ ಗೋಡೆ ಸಾಕು, ಕಂಪ್ಯೂಟರ್ ಹಾಕುವ ಸಮುದ್ರ, ಪುಸ್ತಕದ ಕಪಾಟು ಬೇಡ, ಅದರಲ್ಲಿ ಕಿವಿಯೇ ಅರ್ಧ ಮಾಯವಾಗುತ್ತದೆ. ಕಿಟಕಿ ಬೆನ್ನ ಹಿಂದೆ ಇದ್ದರೆ ಮುಖ ಕಪ್ಪಾಗುತ್ತದೆ, ಎದುರಿಗೆ ಇರಲಿ. ಫೋನನ್ನು ಡಬ್ಬಿಗಳ ಮೇಲಿಟ್ಟು ಕಣ್ಣಿನ ಎತ್ತರಕ್ಕೆ ತನ್ನಿ. ಇಯರ್‌ಫೋನ್ ವೈರಿನದ್ದೇ ಒಳ್ಳೆಯದು. ಅಂದು ನಳದ ನೀರು ಬರುವ ಪಾಳಿ ಇದೆಯಾ ಅಂತ ಮಾತ್ರ ಮೊದಲೇ ಕೇಳಿಕೊಳ್ಳಿ. ನೀರು ಬಂದ ಗಳಿಗೆಯಲ್ಲಿ ನಮ್ಮ ಮನೆಗಳಲ್ಲಿ ಏಳುವ ಗದ್ದಲಕ್ಕೆ ಯಾವ ಮೈಕೂ ತಡೆಯುವುದಿಲ್ಲ.

ಮದುವೆ ಪ್ರಶ್ನೆ ಕೇಳಬಾರದು. ಆದರೂ ಕೇಳುತ್ತಾರೆ. ಅದರ ಹಿಂದೆ ಇರುವ ಅಳುಕು ಎರಡು: ಓಡಾಡುತ್ತೀರಾ, ಬಿಟ್ಟು ಹೋಗುತ್ತೀರಾ. ಆ ಅಳುಕಿಗೆ ಉತ್ತರ ಕೊಡಿ, ಪ್ರಶ್ನೆಗಲ್ಲ. ‘ಗಾಡಿ ಇದೆ, ಲೈಸೆನ್ಸ್ ಇದೆ, ಹಿಂದಿನ ಕೆಲಸದಲ್ಲಿ ದಿನಾ ಹಳ್ಳಿಗೆ ಓಡಾಡಿದ್ದೇನೆ. ಹುಬ್ಬಳ್ಳಿಯಲ್ಲಿ ಉಳಿಯುವ ವ್ಯವಸ್ಥೆ ಮಾಡಿಕೊಳ್ಳುತ್ತೇನೆ.’ ಅಷ್ಟೇ. ಮತ್ತೆ ಮತ್ತೆ ಅದನ್ನೇ ಕೆದಕಿದರೆ ಆ ಆಫೀಸಿನ ಬಗ್ಗೆ ನಿಮಗೇ ಒಂದು ಅಭಿಪ್ರಾಯ ಬರುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

‘ನಿಮಗೇನಾದರೂ ಕೇಳುವುದಿದೆಯಾ’ ಎಂದಾಗ ‘ಇಲ್ಲ ಸರ್’ ಅನ್ನಬೇಡಿ. ಕ್ರೆಡಿಟ್ ಹುದ್ದೆಯಲ್ಲಿ ವಸೂಲಿಯೂ ನನ್ನ ತಲೆ ಮೇಲೆ ಬರುತ್ತದಾ? ಸುತ್ತ ಎಷ್ಟು ಕಿಲೋಮೀಟರ್ ಓಡಾಟ, ಪೆಟ್ರೋಲ್ ಭತ್ಯೆ ಹೇಗೆ? ಫೈಲ್ ತಿರಸ್ಕರಿಸಿದರೆ ಮಾರಾಟದವರ ಒತ್ತಡ ಬಂದಾಗ ಯಾರ ಮಾತು ನಡೆಯುತ್ತದೆ? ಈ ಕೊನೆಯದನ್ನು ಕೇಳಲು ಧೈರ್ಯ ಬೇಕು, ಆದರೆ ಒಳ್ಳೆ ಮ್ಯಾನೇಜರ್ ಇದನ್ನು ಮರೆಯುವುದಿಲ್ಲ. ಯೋಜನೆ ಹುದ್ದೆಗಾದರೆ ಗುತ್ತಿಗೆ ಎಷ್ಟು ಅವಧಿಯದು, ಸಂಬಳ ಯಾರು ಕೊಡುತ್ತಾರೆ, ಇಲಾಖೆಯೋ ಏಜೆನ್ಸಿಯೋ ಎಂದು ಕೇಳಿ.

ಆನ್‌ಲೈನ್ ಅಂದಮೇಲೆ ಒಂದು ಎಚ್ಚರಿಕೆ. ನೋಂದಣಿ ಶುಲ್ಕ, ಲ್ಯಾಪ್‌ಟಾಪ್ ಡೆಪಾಸಿಟ್, ಟ್ರೇನಿಂಗ್ ಫೀ ಅಂತ ಯಾರು ದುಡ್ಡು ಕೇಳಿದರೂ ಅಲ್ಲಿಗೆ ಬಿಟ್ಟುಬಿಡಿ. ಮನೆಸಾಲ ಕಂಪನಿಗಳನ್ನು 2019ರ ಆಗಸ್ಟ್‌ನಿಂದ ರಿಸರ್ವ್ ಬ್ಯಾಂಕ್ ನೋಡಿಕೊಳ್ಳುತ್ತದೆ, ನೋಂದಾಯಿತ ಕಂಪನಿಗಳ ಪಟ್ಟಿ ಅದರ ವೆಬ್‌ಸೈಟಿನಲ್ಲೇ ಇದೆ. ಹೆಸರು ಹುಡುಕಿ ನೋಡಿ, ಶಾಖೆಗೊಂದು ಫೋನ್ ಮಾಡಿ. ದುಡ್ಡು ಹೋಗಿಯೇಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಎರಡೂ ಸಂದರ್ಶನ ಒಂದೇ ದಿನ ಬಂದರೆ ಗಾಬರಿ ಬೇಡ. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಇದ್ದರೆ ಎರಡನ್ನೂ ಮುಗಿಸಿ. ಗಂಟೆ ಒಂದೇ ಆದರೆ ಯೋಜನೆ ಹುದ್ದೆಯ ಸಮಯ ಮುಟ್ಟಬೇಡಿ, ಅಲ್ಲಿ ನಾಲ್ಕಾರು ಅಧಿಕಾರಿಗಳನ್ನು ಕೂಡಿಸಿರುತ್ತಾರೆ, ಬದಲಿಸುವುದು ಕಷ್ಟ. ಕಂಪನಿಯ ಎಚ್‌ಆರ್‌ಗೆ ಮೆಸೇಜ್ ಮಾಡಿ: ‘ಮೇಡಂ, ನಾಳೆ 11ಕ್ಕೆ ನನಗೆ ಮೊದಲೇ ಒಪ್ಪಿಕೊಂಡ ಇನ್ನೊಂದು ಸಂದರ್ಶನ ಇದೆ. ಮಧ್ಯಾಹ್ನ 2ರ ಮೇಲೆ ಅಥವಾ ನಾಡಿದ್ದು ಯಾವ ಹೊತ್ತಾದರೂ ಸಿದ್ಧ ಇದ್ದೇನೆ.’ ಜ್ವರ, ಮದುವೆ ಮನೆ ಅಂತ ನೆಪ ಹೇಳಬೇಡಿ. ಇನ್ನೊಬ್ಬರೂ ನಿಮ್ಮನ್ನು ಕರೆದಿದ್ದಾರೆ ಎಂದು ಗೊತ್ತಾದರೆ ನಿಮಗೇನೂ ನಷ್ಟವಿಲ್ಲ.